ಡೆಕಥ್ಲಾನ್, ಹೆಪ್ಟಥ್ಲಾನ್, ಪೆಂಟಥ್ಲಾನ್, ಟ್ರಯಥ್ಲಾನ್: ಯಾವ ಹೆಸರು ಯಾವ ಸ್ಪರ್ಧೆಗೆ, ಯಾವ ಸ್ಪರ್ಧೆ ಯಾರಿಗೆ

14 ವರ್ಷದೊಳಗಿನವರ ಅಥ್ಲೆಟಿಕ್ ಕೂಟದ ಸುತ್ತೋಲೆಯಲ್ಲಿ ‘ಟ್ರಯಥ್ಲಾನ್’ ಎಂದು ಕಂಡರೆ ಮಗುವಿಗೆ ಸೈಕಲ್ ಕೊಡಿಸಬೇಕಿಲ್ಲ, ಈಜುಕೊಳ ಹುಡುಕಬೇಕಿಲ್ಲ. ಅಲ್ಲಿ ಆ ಹೆಸರಿಗೆ 60 ಮೀಟರ್ ಓಟ, ಉದ್ದ ಜಿಗಿತ ಮತ್ತು ಗುಂಪಿಗೆ ತಕ್ಕಂತೆ ಇನ್ನೊಂದು ಐಟಂ ಎಂದರ್ಥ. ಆ ಮೂರನೆಯದು ಎತ್ತರ ಜಿಗಿತ, ಎಸೆತ ಅಥವಾ 600 ಮೀಟರ್ ಓಟ ಆಗಿರಬಹುದು. ಅದೇ ‘ಟ್ರಯಥ್ಲಾನ್’ ಎಂಬ ಹೆಸರು ಒಲಿಂಪಿಕ್ಸ್‌ನಲ್ಲಿ ಬಂದರೆ ಈಜು, ಸೈಕ್ಲಿಂಗ್, ಓಟ. ಎರಡಕ್ಕೂ ತಯಾರಿ ಬೇರೆ, ಸಲಕರಣೆ ಬೇರೆ, ಗೆದ್ದವರನ್ನು ಆರಿಸುವ ಲೆಕ್ಕವೂ ಬೇರೆ.

ಈ ಹೆಸರುಗಳು ಎಷ್ಟು ಸ್ಪರ್ಧೆ ಎಂಬುದನ್ನಷ್ಟೇ ಹೇಳುತ್ತವೆ, ಯಾವ ಸ್ಪರ್ಧೆ ಎಂಬುದನ್ನು ಹೇಳುವುದಿಲ್ಲ. ಗೊಂದಲದ ಮೂಲ ಇದೇ. ಗ್ರೀಕ್ ಎಣಿಕೆ ನೆನಪಿಡುವುದು ನಮಗೆ ಕಷ್ಟವೇನಲ್ಲ: ಪಂಚ ಇದ್ದ ಹಾಗೆ ಪೆಂಟ, ಸಪ್ತ ಇದ್ದ ಹಾಗೆ ಹೆಪ್ಟ, ದಶ ಇದ್ದ ಹಾಗೆ ಡೆಕ. ತ್ರಿಗೆ ಟ್ರಯ, ನಾಲ್ಕಕ್ಕೆ ಟೆಟ್ರ, ಆರಕ್ಕೆ ಹೆಕ್ಸ, ಎಂಟಕ್ಕೆ ಆಕ್ಟ. ಕೊನೆಯ ‘ಅಥ್ಲಾನ್’ ಎಂದರೆ ಸ್ಪರ್ಧೆ ಅಥವಾ ಅದರ ಬಹುಮಾನ. ಇಷ್ಟು ತಿಳಿದ ಮೇಲೂ ಮೂರು ಪ್ರಶ್ನೆ ಕೇಳದೆ ಹೆಸರನ್ನು ಬಳಸಬಾರದು. ಎಲ್ಲ ಐಟಂಗಳನ್ನೂ ಒಬ್ಬರೇ ಮಾಡಬೇಕೆ? ಫಲಿತಾಂಶ ಬರುವುದು ಅಂಕದಿಂದಲೋ ಗಡಿಯಾರದಿಂದಲೋ? ಯಾವ ಸಂಸ್ಥೆಯ ನಿಯಮ, ಯಾವ ವಯೋಮಿತಿ?

ಮೊದಲು ಬೇರೆ ಮಾಡಬೇಕಾದ ಎರಡು

ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ರಾಷ್ಟ್ರೀಯ ಕ್ರೀಡಾಕೂಟ, ಮೈಸೂರಿನ ದಸರಾ ಕ್ರೀಡಾಕೂಟ ಇವೆಲ್ಲ ಬಹುಕ್ರೀಡಾ ಕೂಟಗಳು. ಇಲ್ಲಿ ಕ್ರೀಡೆಗಳು ಹಲವು, ಆಡುವವರೂ ಹಲವರು. ಡೆಕಥ್ಲಾನ್, ಹೆಪ್ಟಥ್ಲಾನ್ ಹಾಗಲ್ಲ. ಅಲ್ಲಿ ಒಬ್ಬರೇ ಎಲ್ಲ ಐಟಂಗಳನ್ನೂ ಮುಗಿಸಬೇಕು, ಕೊನೆಗೆ ಒಂದೇ ಫಲಿತಾಂಶ, ಒಂದೇ ಪದಕ. ಅಥ್ಲೆಟಿಕ್ಸ್ ಅಧಿಕಾರಿಗಳು ಇವನ್ನು ‘ಕಂಬೈನ್ಡ್ ಇವೆಂಟ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ಸಂಯುಕ್ತ ಸ್ಪರ್ಧೆ’ ಎಂದರೆ ಸಾಕು. ಇವಕ್ಕೆ ‘ಬಹುಕ್ರೀಡೆ’ ಎಂಬ ಮಾತು ಬಳಸಿದರೆ ಓದುಗರ ಮನಸ್ಸಿಗೆ ಬರುವುದು ಕೂಟವೇ ಹೊರತು ಆ ಒಬ್ಬ ಕ್ರೀಡಾಪಟುವಲ್ಲ.

‘ಹೆಪ್ಟಥ್ಲಾನ್ ಪಂದ್ಯ’ ಎಂದು ಬರೆಯುವ ರೂಢಿಯನ್ನೂ ಬಿಡುವುದು ಒಳ್ಳೆಯದು. ಇಬ್ಬರು ಅಥವಾ ಎರಡು ತಂಡ ಎದುರುಬದುರಾದರೆ ಪಂದ್ಯ. ಹೆಪ್ಟಥ್ಲಾನ್ ಒಂದು ಸ್ಪರ್ಧೆ. ಅದರೊಳಗಿನ ಏಳು ಭಾಗಗಳನ್ನು ‘ಏಳು ಕ್ರೀಡೆ’ ಎನ್ನುವುದೂ ಸರಿಯಲ್ಲ, ಕ್ರೀಡೆ ಒಂದೇ, ಅಥ್ಲೆಟಿಕ್ಸ್. ಮೈದಾನದಲ್ಲಿ ದೈಹಿಕ ಶಿಕ್ಷಕರು ಹೇಳುವಂತೆ ‘ಏಳು ಐಟಂ’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಮಾಡರ್ನ್ ಪೆಂಟಥ್ಲಾನ್ ಮತ್ತು ಟ್ರಯಥ್ಲಾನ್‌ಗೆ ಮಾತ್ರ ‘ಐದು ಕ್ರೀಡೆ’, ‘ಮೂರು ಕ್ರೀಡೆ’ ಎನ್ನಬಹುದು, ಅಲ್ಲಿ ನಿಜವಾಗಿಯೂ ಬೇರೆ ಬೇರೆ ಕ್ರೀಡೆಗಳೇ ಸೇರಿವೆ.

ಅಂಕದ ಲೆಕ್ಕದವು: ಡೆಕಥ್ಲಾನ್ ಮತ್ತು ಹೆಪ್ಟಥ್ಲಾನ್

ಡೆಕಥ್ಲಾನ್ ಎರಡು ದಿನದ್ದು. ಮೊದಲ ದಿನ 100 ಮೀಟರ್, ಉದ್ದ ಜಿಗಿತ, ಗುಂಡು ಎಸೆತ, ಎತ್ತರ ಜಿಗಿತ, 400 ಮೀಟರ್. ಎರಡನೇ ದಿನ 110 ಮೀಟರ್ ಹರ್ಡಲ್ಸ್, ಡಿಸ್ಕಸ್, ಪೋಲ್ ವಾಲ್ಟ್, ಜಾವೆಲಿನ್, 1500 ಮೀಟರ್. ಈ ಕ್ರಮ ಬದಲಾಗುವುದಿಲ್ಲ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ ಥೋರ್ಪ್ ಗೆದ್ದಂದಿನಿಂದ ಇದು ಪುರುಷರ ಸರ್ವಾಂಗ ಪರೀಕ್ಷೆ ಎಂದೇ ಹೆಸರಾಗಿದೆ. ಫ್ರಾನ್ಸ್‌ನ ಕೆವಿನ್ ಮೇಯರ್ 2018ರಲ್ಲಿ ತಲಾನ್ಸ್‌ನಲ್ಲಿ ಗಳಿಸಿದ 9126 ಅಂಕ ವಿಶ್ವದಾಖಲೆ.

ಹೆಪ್ಟಥ್ಲಾನ್ ಹೊರಾಂಗಣದಲ್ಲಿ ಮಹಿಳೆಯರದ್ದು. ಮೊದಲ ದಿನ 100 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್. ಎರಡನೇ ದಿನ ಉದ್ದ ಜಿಗಿತ, ಜಾವೆಲಿನ್, 800 ಮೀಟರ್. ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಅಮೆರಿಕದ ಜಾಕಿ ಜಾಯ್ನರ್ ಕರ್ಸಿ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಗಳಿಸಿದ 7291 ಅಂಕ ಇಂದಿಗೂ ಎಲ್ಲರ ಕಣ್ಣಿಗೆ ಬೀಳುವ ಗುರಿ.

ಇಲ್ಲೊಂದು ಬಲೆ ಇದೆ. ಒಳಾಂಗಣ ಕೂಟಗಳಲ್ಲಿ ಪುರುಷರಿಗೂ ಹೆಪ್ಟಥ್ಲಾನ್ ಇದೆ: 60 ಮೀಟರ್, ಉದ್ದ ಜಿಗಿತ, ಗುಂಡು ಎಸೆತ, ಎತ್ತರ ಜಿಗಿತ, 60 ಮೀಟರ್ ಹರ್ಡಲ್ಸ್, ಪೋಲ್ ವಾಲ್ಟ್, 1000 ಮೀಟರ್. ಆದ್ದರಿಂದ ಯುರೋಪಿನ ಚಳಿಗಾಲದ ಸುದ್ದಿಯಲ್ಲಿ ಪುರುಷರ ಹೆಸರಿನ ಪಕ್ಕ ಹೆಪ್ಟಥ್ಲಾನ್ ಎಂದಿದ್ದರೆ ಅದನ್ನು ತಪ್ಪೆಂದು ತಿಳಿದು ‘ಡೆಕಥ್ಲಾನ್’ ಎಂದು ತಿದ್ದಬೇಡಿ. ‘ಒಳಾಂಗಣ’ ಎಂಬ ಪದ ಸೇರಿಸಿದರೆ ಸಾಕು. ಹಾಗೆಯೇ ಮಹಿಳೆಯರ ಡೆಕಥ್ಲಾನ್ ಕೂಡ ಇದೆ. ಲಿಥುವೇನಿಯಾದ ಆಸ್ಟ್ರಾ ಸ್ಕುಯಿಟೆ 2005ರಲ್ಲಿ ಗಳಿಸಿದ 8358 ಅಂಕ ಅದರ ವಿಶ್ವದಾಖಲೆ. ಅಲ್ಲಿ ಮೈದಾನದ ಐಟಂಗಳ ಕ್ರಮ ಪುರುಷರಿಗಿಂತ ಬೇರೆ ಇರಬಹುದು: ಡಿಸ್ಕಸ್, ಪೋಲ್ ವಾಲ್ಟ್, ಜಾವೆಲಿನ್ ಮೊದಲ ದಿನಕ್ಕೇ ಬರಬಹುದು. ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಇನ್ನೂ ಜಾಗ ಸಿಕ್ಕಿಲ್ಲ.

ಅಂಕ ಬರುವುದು ಸ್ಥಾನದಿಂದಲ್ಲ. ಪ್ರತಿ ಐಟಂಗೂ ಒಂದು ಸೂತ್ರ ಇದೆ, ಓಡಿದ ಸಮಯ ಅಥವಾ ಜಿಗಿದ, ಎಸೆದ ಅಳತೆಯನ್ನು ಅದರಲ್ಲಿ ಹಾಕಿ ಅಂಕ ತೆಗೆಯುತ್ತಾರೆ. ದಶಮಾಂಶ ಬಂದರೆ ಕತ್ತರಿಸಿ ಬಿಡುತ್ತಾರೆ, ಹಾಗಾಗಿ ‘6026.5 ಅಂಕ’ ಎಂಬುದು ಎಲ್ಲೂ ಇರುವುದಿಲ್ಲ. ಪುರುಷರ 100 ಮೀಟರ್‌ಗೆ ಸೂತ್ರ ಹೀಗಿದೆ: 18ರಿಂದ ಓಡಿದ ಸೆಕೆಂಡುಗಳನ್ನು ಕಳೆಯಿರಿ, ಬಂದದ್ದನ್ನು 1.81ರ ಘಾತಕ್ಕೆ ಏರಿಸಿ, 25.4347ರಿಂದ ಗುಣಿಸಿ. 11.00 ಸೆಕೆಂಡಿಗೆ 861 ಅಂಕ, 12.00 ಸೆಕೆಂಡಿಗೆ 651. ಒಂದು ಸೆಕೆಂಡಿಗೆ 210 ಅಂಕದ ವ್ಯತ್ಯಾಸ. ಉದ್ದ ಜಿಗಿತದಲ್ಲಿ 6 ಮೀಟರ್‌ಗೆ 587, 7 ಮೀಟರ್‌ಗೆ 814. ಒಂದೇ ಐಟಂನಿಂದ 1000 ಅಂಕ ಬೇಕೆಂದರೆ 100 ಮೀಟರನ್ನು 10.39ರಲ್ಲಿ ಓಡಬೇಕು, ಅಥವಾ 7.76 ಮೀಟರ್ ಜಿಗಿಯಬೇಕು. ಹತ್ತಿರ ಹತ್ತಿರ 77 ಮೀಟರ್ ಜಾವೆಲಿನ್ ಎಸೆದರೂ ಅಷ್ಟೇ ಬರುತ್ತದೆ.

ಈ ಅಂಕಗಳ ಕೋಷ್ಟಕವನ್ನು ಓದಲು ಬಂದರೆ ತಯಾರಿಯ ದಾರಿಯೇ ಬದಲಾಗುತ್ತದೆ. ಡೆಕಥ್ಲಾನ್‌ನ 1500 ಮೀಟರ್‌ನಲ್ಲಿ 5 ನಿಮಿಷಕ್ಕೆ 560 ಅಂಕ, 4 ನಿಮಿಷ 30 ಸೆಕೆಂಡಿಗೆ 745. 30 ಸೆಕೆಂಡು ಇಳಿಸಲು ತಿಂಗಳುಗಟ್ಟಲೆ ದೂರದ ಓಟ ಓಡಬೇಕು, ಅಷ್ಟರಲ್ಲಿ ಸ್ಪ್ರಿಂಟ್‌ನ ಚುರುಕು ಕಳೆದರೆ 100, 400, ಹರ್ಡಲ್ಸ್, ಉದ್ದ ಜಿಗಿತ ನಾಲ್ಕೂ ಇಳಿಯುತ್ತವೆ. ಅದಕ್ಕೇ ಅನುಭವಿ ಕೋಚ್‌ಗಳು ವೇಗಕ್ಕೆ ಮೊದಲ ಆದ್ಯತೆ ಕೊಡುತ್ತಾರೆ, 1500ಕ್ಕೆ ತಕ್ಕಮಟ್ಟಿನ ತಯಾರಿ ಸಾಕೆನ್ನುತ್ತಾರೆ. ಹೆಪ್ಟಥ್ಲಾನ್‌ನ 800 ಮೀಟರ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ 2 ನಿಮಿಷ 25 ಸೆಕೆಂಡಿಗೆ 757 ಅಂಕ, 2 ನಿಮಿಷ 15 ಸೆಕೆಂಡಿಗೆ 893. ಬರೀ 10 ಸೆಕೆಂಡಿಗೆ 136 ಅಂಕ! ಗುಂಡು ಎಸೆತದಲ್ಲಿ ಎರಡು ಮೀಟರ್ ಹೆಚ್ಚಿಸಿದರೆ ಬರುವಷ್ಟು. ಆದ್ದರಿಂದ 800 ಮೀಟರ್ ಓಡಲು ಅಳುಕುವ ಹುಡುಗಿಗೆ ಹೆಪ್ಟಥ್ಲಾನ್ ಆರಿಸುವ ಮುನ್ನ ಆ ಅಳುಕನ್ನೇ ಮೊದಲು ಬಿಡಿಸಬೇಕು.

ಎತ್ತರ ಜಿಗಿತದ ಬಲವಿರುವವರಿಗೆ ಸಂಯುಕ್ತ ಸ್ಪರ್ಧೆ ಒಗ್ಗುವುದಕ್ಕೆ ಕಾರಣವೂ ಕೋಷ್ಟಕದಲ್ಲೇ ಇದೆ. ಮಹಿಳೆಯರ 1.70 ಮೀಟರ್‌ಗೆ 855 ಅಂಕ, 1.73ಕ್ಕೆ 891. ಬಾರ್ ಒಂದು ಮೆಟ್ಟಿಲು ಏರಿದರೆ 36 ಅಂಕ. 2.29 ಮೀಟರ್‌ನ ರಾಷ್ಟ್ರೀಯ ದಾಖಲೆ ಬರೆದ ಎತ್ತರ ಜಿಗಿತಗಾರ ತೇಜಸ್ವಿನ್ ಶಂಕರ್ ಡೆಕಥ್ಲಾನ್‌ಗೆ ಬಂದು 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 7666 ಅಂಕದೊಂದಿಗೆ ಬೆಳ್ಳಿ ಗೆದ್ದರು.

ಸಂಯುಕ್ತ ಸ್ಪರ್ಧೆಯ ನಿಯಮ ಬಿಡಿ ಐಟಂನ ನಿಯಮವಲ್ಲ

ಶಾಲಾ, ಕಾಲೇಜು ಮಟ್ಟದಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ಬಿಡಿ ಉದ್ದ ಜಿಗಿತ, ಗುಂಡು ಎಸೆತದ ಫೈನಲ್‌ನಲ್ಲಿ ಮುಂದಿರುವವರಿಗೆ ಆರು ಅವಕಾಶ. ಸಂಯುಕ್ತ ಸ್ಪರ್ಧೆಯಲ್ಲಿ ಎಲ್ಲರಿಗೂ ಮೂರೇ. ಎರಡು ಫೌಲ್ ಆದ ಮೇಲೆ ಮೂರನೆಯದನ್ನು ಹಲಗೆಯಿಂದ ಒಂದು ಪಾದ ಹಿಂದೆಯೇ ಜಿಗಿದು ಅಂಕ ಉಳಿಸಿಕೊಳ್ಳಬೇಕು. ಗಡಿ ಮುಟ್ಟಲು ಹೋಗಿ ಮೂರೂ ಫೌಲ್ ಆದರೆ ಆ ಐಟಂನಲ್ಲಿ ಸೊನ್ನೆ. ಎತ್ತರ ಜಿಗಿತದಲ್ಲಿ ಬಾರ್ 3 ಸೆಂಟಿಮೀಟರ್‌ನಂತೆ, ಪೋಲ್ ವಾಲ್ಟ್‌ನಲ್ಲಿ 10 ಸೆಂಟಿಮೀಟರ್‌ನಂತೆ ಕೊನೆಯವರೆಗೂ ಒಂದೇ ಸಮನೆ ಏರುತ್ತದೆ. ತಪ್ಪು ಸ್ಟಾರ್ಟ್‌ನಲ್ಲೂ ಸ್ವಲ್ಪ ಸಡಿಲ ಇದೆ: ಆ ಓಟದ ಮೊದಲ ತಪ್ಪಿಗೆ ಎಚ್ಚರಿಕೆ, ನಂತರ ಯಾರೇ ತಪ್ಪಿದರೂ ಹೊರಕ್ಕೆ. ಅಂದರೆ ಮೊದಲು ತಪ್ಪಿದವರು ಉಳಿದು, ಎರಡನೇ ಬಾರಿ ತಪ್ಪಿದ ಇನ್ನೊಬ್ಬರು ಹೋಗಬಹುದು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು.

ಎರಡು ಐಟಂಗಳ ನಡುವೆ ಸಾಧ್ಯವಾದಷ್ಟೂ 30 ನಿಮಿಷದ ಬಿಡುವು ಇರಬೇಕು, ಮೊದಲ ದಿನದ ಕೊನೆಗೂ ಎರಡನೇ ದಿನದ ಆರಂಭಕ್ಕೂ 10 ಗಂಟೆ ಅಂತರ ಇರಬೇಕು. ಮೊದಲ ದಿನದ 400 ಮೀಟರನ್ನು ರಾತ್ರಿ ಫ್ಲಡ್‌ಲೈಟ್‌ನಲ್ಲಿ ಓಡಿಸಿ ಬೆಳಿಗ್ಗೆ ಆರಕ್ಕೇ ಹರ್ಡಲ್ಸ್ ಇಟ್ಟರೆ ನಿಯಮವೂ ಮುರಿಯುತ್ತದೆ, ಕಾಲೂ ಮುರಿಯಬಹುದು.

ಸೊನ್ನೆ ಬಂದರೂ ಮುಂದಿನ ಐಟಂಗೆ ಹೋಗಬಹುದು. ಆದರೆ ಒಂದು ಐಟಂಗೆ ಹಾಜರಾಗದೇ ಹೋದರೆ, ಒಂದೂ ಪ್ರಯತ್ನ ಮಾಡದೇ ಬಿಟ್ಟರೆ, ಅಲ್ಲಿಗೆ ಸ್ಪರ್ಧೆ ಮುಗಿಯಿತು. ಹಿಂದಿನ ಅಂಕಗಳೆಲ್ಲ ಅಂತಿಮ ಪಟ್ಟಿಯಿಂದ ಹೊರಗೆ. ಧಾರವಾಡದ ಬಳಿಯ ಪಶುಪತಿಹಾಳದ ಹೆಪ್ಟಥ್ಲಾನ್ ಸ್ಪರ್ಧಿ ಜೆ.ಜೆ. ಶೋಭಾ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆರನೇ ಐಟಂ ಜಾವೆಲಿನ್ ಎಸೆಯುವಾಗ ಎಡ ಕಾಲಿನ ಹರಡಿಗೆ ಪೆಟ್ಟಾಗಿ ಮೈದಾನದಿಂದ ಎತ್ತಿಕೊಂಡು ಹೋಗಬೇಕಾಯಿತು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಿಂದಿರುಗಿ 800 ಮೀಟರ್ ಓಡಿ ಮುಗಿಸಿದರು, ಒಟ್ಟು 11ನೇ ಸ್ಥಾನ. ಆ ಓಟಕ್ಕೆ ನಿಲ್ಲದೇ ಹೋಗಿದ್ದರೆ ಆರು ಐಟಂಗಳ ದುಡಿಮೆ ಯಾವ ಪಟ್ಟಿಯಲ್ಲೂ ಕಾಣುತ್ತಿರಲಿಲ್ಲ. ಅದೇ ವರ್ಷ ಶೋಭಾ ಗಳಿಸಿದ 6211 ಅಂಕ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಸ್ವಪ್ನಾ ಬರ್ಮನ್‌ಗೆ ಚಿನ್ನ ತಂದ 6026ಕ್ಕಿಂತಲೂ ಹೆಚ್ಚು. 2002 ಮತ್ತು 2006ರ ಏಷ್ಯನ್ ಗೇಮ್ಸ್‌ಗಳಲ್ಲಿ ಶೋಭಾ, 2010ರಲ್ಲಿ ಕೊಡಗಿನ ಪ್ರಮೀಳಾ ಅಯ್ಯಪ್ಪ ಕಂಚು ಗೆದ್ದದ್ದನ್ನು ನೋಡಿದರೆ ಹೆಪ್ಟಥ್ಲಾನ್ ಕರ್ನಾಟಕದ ಹೆಣ್ಣುಮಕ್ಕಳಿಗೆ ಹೊಸದಲ್ಲ. ರಾಜ್ಯದಲ್ಲಿ ಈ ಸ್ಪರ್ಧೆಗೆ ಸಿಗಬೇಕಾದಷ್ಟು ಗಮನ ಮಾತ್ರ ಸಿಕ್ಕಿಲ್ಲ.

ಪೋಲ್ ವಾಲ್ಟ್‌ನ ಸೊನ್ನೆ ಡೆಕಥ್ಲಾನ್‌ನ ದೊಡ್ಡ ಶತ್ರು. 4 ಮೀಟರ್ ದಾಟಬಲ್ಲ ಹುಡುಗನಿಗೆ ಅಲ್ಲಿ 617 ಅಂಕ ಕಾದಿರುತ್ತದೆ, 3 ಮೀಟರ್ ದಾಟಿದರೂ 357 ಇದೆ. ಒಂದೊಂದು ಮೆಟ್ಟಿಲಿಗೆ ಸಿಗುವುದು ಸುಮಾರು 26 ಅಂಕ. ಹಾಗಿರುವಾಗ ಶಕ್ತಿ ಉಳಿಸಲು ಆರಂಭದ ಎತ್ತರವನ್ನೇ 3.80ಕ್ಕೆ ಇಟ್ಟು ಮೂರು ಬಾರಿ ಬಾರ್ ಬೀಳಿಸಿದರೆ 617ರ ಜಾಗದಲ್ಲಿ ಸೊನ್ನೆ ಬರುತ್ತದೆ. ಅಭ್ಯಾಸದಲ್ಲಿ ಹತ್ತಕ್ಕೆ ಹತ್ತು ಬಾರಿ ದಾಟುವ ಎತ್ತರದಿಂದ ಶುರುಮಾಡಬೇಕು. ತಾಲ್ಲೂಕು ಮಟ್ಟದಲ್ಲಿ ಪೋಲ್ ವಾಲ್ಟ್ ಹಾಸು ಇರುವುದೇ ಅಪರೂಪ, ನಾಲ್ಕೂವರೆ ಮೀಟರ್ ಉದ್ದದ ಪೋಲ್ ಬಸ್ಸಿನೊಳಗೆ ಹಿಡಿಸುವುದಿಲ್ಲ. ಹಾಸು, ಪೋಲ್, ಕಲಿಸುವವರು ಈ ಮೂರೂ ವಾರಕ್ಕೊಮ್ಮೆಯಾದರೂ ಸಿಗುವ ಊರಿನಲ್ಲಿ ಇಲ್ಲದಿದ್ದರೆ ಹುಡುಗನನ್ನು ಡೆಕಥ್ಲಾನ್‌ಗೆ ಹಾಕುವುದಕ್ಕಿಂತ ಹರ್ಡಲ್ಸ್ ಅಥವಾ ಉದ್ದ ಜಿಗಿತದಲ್ಲಿ ಬೆಳೆಸಿ, ಪೋಲ್ ಸಿಕ್ಕ ಮೇಲೆ ಬದಲಿಸುವುದು ಒಳ್ಳೆಯದು.

ಸಲಕರಣೆಯ ತೂಕ ವಯಸ್ಸಿನೊಂದಿಗೆ ಬದಲಾಗುತ್ತದೆ. ಹಿರಿಯ ಪುರುಷರ ಗುಂಡು 7.26 ಕೆ.ಜಿ., 20 ವರ್ಷದೊಳಗಿನವರಿಗೆ 6, 18ರೊಳಗಿನವರಿಗೆ 5. ಹರ್ಡಲ್ಸ್ ಎತ್ತರ ಕ್ರಮವಾಗಿ 1.067, 0.991, 0.914 ಮೀಟರ್. ಮಹಿಳೆಯರಿಗೆ ಗುಂಡು 4 ಕೆ.ಜಿ., ಜಾವೆಲಿನ್ 600 ಗ್ರಾಂ, ಹರ್ಡಲ್ಸ್ 0.838 ಮೀಟರ್. 18ರೊಳಗಿನ ಹುಡುಗಿಯರಿಗೆ 3 ಕೆ.ಜಿ., 500 ಗ್ರಾಂ, 0.762 ಮೀಟರ್. ಆದ್ದರಿಂದ ಕಿರಿಯರ ಅಂಕವನ್ನು ಹಿರಿಯರ ಅಂಕದ ಪಕ್ಕದಲ್ಲಿಟ್ಟು ‘ರಾಷ್ಟ್ರೀಯ ದಾಖಲೆಗೆ ಇನ್ನು ಇಷ್ಟೇ ಬಾಕಿ’ ಎಂದು ಬರೆಯುವುದು ತಪ್ಪು ಲೆಕ್ಕ.

ಸ್ಟಾಪ್‌ವಾಚ್ ವಿಷಯವೂ ಹೀಗೆಯೇ. ಕೈಯಲ್ಲಿ ಒತ್ತಿದ 11.0 ಸೆಕೆಂಡನ್ನು ವಿದ್ಯುನ್ಮಾನ 11.00 ಎಂದು ಕೋಷ್ಟಕದಲ್ಲಿ ನೋಡಿ 861 ಕೊಟ್ಟುಬಿಡುತ್ತಾರೆ. 100 ಮೀಟರ್‌ಗೆ 0.24 ಸೆಕೆಂಡು ಕೂಡಿಸಿ 11.24 ಎಂದು ತೆಗೆದುಕೊಂಡರೆ ಬರುವುದು 808. ಒಂದೇ ಐಟಂನಲ್ಲಿ 53 ಅಂಕ ಪುಕ್ಕಟೆ. ಹೀಗೆ ಉಬ್ಬಿದ ಒಟ್ಟು ಅಂಕ ಹಿಡಿದು ರಾಜ್ಯ ಮಟ್ಟಕ್ಕೆ ಹೋದ ಮಗು ಅಲ್ಲಿ ತಾನು ಕುಸಿದೆ ಎಂದುಕೊಳ್ಳುತ್ತದೆ.

ಪೆಂಟಥ್ಲಾನ್: ಒಂದು ಹೆಸರು, ಹಲವು ಸ್ಪರ್ಧೆ

ಈ ಹೆಸರನ್ನು ಒಂಟಿಯಾಗಿ ಬರೆಯಲೇಬಾರದು. ಪ್ರಾಚೀನ ಒಲಿಂಪಿಕ್ಸ್‌ನ ಪೆಂಟಥ್ಲಾನ್ ಎಂದರೆ ಓಟ, ಉದ್ದ ಜಿಗಿತ, ಡಿಸ್ಕಸ್, ಜಾವೆಲಿನ್, ಕುಸ್ತಿ. ಆಧುನಿಕ ಒಲಿಂಪಿಕ್ಸ್‌ನಲ್ಲಿ 1912ರಿಂದ 1924ರವರೆಗೆ ಪುರುಷರ ಅಥ್ಲೆಟಿಕ್ಸ್ ಪೆಂಟಥ್ಲಾನ್ ಇತ್ತು. 1964ರಿಂದ 1980ರವರೆಗೆ ಮಹಿಳೆಯರದು ನಡೆಯಿತು, ಅದೇ ಮುಂದೆ ಎರಡು ಐಟಂ ಸೇರಿ ಹೆಪ್ಟಥ್ಲಾನ್ ಆಯಿತು. ಈಗ ಅಥ್ಲೆಟಿಕ್ಸ್‌ನಲ್ಲಿ ಮುಖ್ಯವಾಗಿ ಉಳಿದಿರುವುದು ಮಹಿಳೆಯರ ಒಳಾಂಗಣ ಪೆಂಟಥ್ಲಾನ್, ಒಂದೇ ದಿನದಲ್ಲಿ ಮುಗಿಯುತ್ತದೆ: 60 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, ಉದ್ದ ಜಿಗಿತ, 800 ಮೀಟರ್. ನಮ್ಮಲ್ಲಿ ಕಿರಿಯರ ಕೂಟಗಳಲ್ಲಿ ಪೆಂಟಥ್ಲಾನ್, ಹೆಕ್ಸಥ್ಲಾನ್ ಎಂಬ ಚಿಕ್ಕ ರೂಪಗಳು ಬರುತ್ತವೆ. ಅವುಗಳ ಐಟಂ ಪಟ್ಟಿ ಬದಲಾಗುತ್ತಿರುತ್ತದೆ, ಹಿಂದಿನ ವರ್ಷದ ನೆನಪಿನಲ್ಲಿ ತಯಾರಿ ಮಾಡದೆ ಆ ವರ್ಷದ ಸುತ್ತೋಲೆಯನ್ನೇ ನೋಡಬೇಕು.

ಮಾಡರ್ನ್ ಪೆಂಟಥ್ಲಾನ್ ಪೂರ್ತಿ ಬೇರೆ ಕ್ರೀಡೆ, ಬೇರೆ ಫೆಡರೇಷನ್. ಒಲಿಂಪಿಕ್ಸ್‌ನಲ್ಲಿ 1912ರಿಂದ ಇದೆ. 2024ರವರೆಗೆ ಕತ್ತಿವರಸೆ, 200 ಮೀಟರ್ ಈಜು, ಕುದುರೆ ಸವಾರಿ, ಲೇಸರ್ ಪಿಸ್ತೂಲಿನ ಶೂಟಿಂಗ್ ಮತ್ತು ಓಟ ಇದರ ಅಂಗಗಳಾಗಿದ್ದವು. ಕೊನೆಯ ಎರಡನ್ನು ಬೆಸೆದು ‘ಲೇಸರ್ ರನ್’ ಮಾಡಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕುದುರೆ ಸವಾರಿಯ ಕೊನೆಯ ಕೂಟ, ಅದರ ಜಾಗಕ್ಕೆ ಅಡೆತಡೆ ಓಟ ಬಂದಿದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಟಿ ಎತ್ತಿ ಕೊಟ್ಟ ಅಪರಿಚಿತ ಕುದುರೆ ನೆಗೆಯಲು ಒಪ್ಪದೆ, ಮುಂದಿದ್ದ ಜರ್ಮನಿಯ ಸ್ಪರ್ಧಿ ಪದಕ ಕಳೆದುಕೊಂಡ ಮೇಲೆ ಎದ್ದ ಚರ್ಚೆಯ ಫಲ ಇದು. ಕುದುರೆ ಹೋದದ್ದರಿಂದ ಭಾರತದಂಥ ದೇಶದ ಮಕ್ಕಳಿಗೆ ಬಾಗಿಲು ಅಗಲವಾಗಿದೆ ಎನ್ನಬೇಕು.

ಅಂಕ ಮತ್ತು ಗಡಿಯಾರ ಎರಡೂ ಸೇರುವುದು ಇಲ್ಲಿ ಮಾತ್ರ. ಮೊದಲ ಭಾಗಗಳ ಅಂಕವನ್ನು ಸೆಕೆಂಡಿಗೆ ಬದಲಿಸುತ್ತಾರೆ, ಒಂದು ಅಂಕಕ್ಕೆ ಒಂದು ಸೆಕೆಂಡು. 20 ಅಂಕ ಮುಂದಿರುವವರು ಲೇಸರ್ ರನ್‌ನಲ್ಲಿ 20 ಸೆಕೆಂಡು ಮೊದಲೇ ಹೊರಡುತ್ತಾರೆ. ಹಾಗಾಗಿ ಗೆರೆ ಮೊದಲು ಮುಟ್ಟಿದವರೇ ವಿಜೇತರು, ನೋಡುವವರಿಗೂ ಲೆಕ್ಕ ಸಲೀಸು. ಡೆಕಥ್ಲಾನ್‌ನ 1500ರಲ್ಲಿ ಹಾಗಲ್ಲ, ಅಲ್ಲಿ ಓಟವನ್ನು ಕೊನೆಯವರಾಗಿ ಮುಗಿಸಿದವರೇ ಚಿನ್ನ ಗೆದ್ದಿರಬಹುದು. ಸುದ್ದಿ ಬರೆಯುವವರು ‘1500 ಮೀಟರ್‌ನಲ್ಲಿ ಮೊದಲಿಗರಾಗಿ ಡೆಕಥ್ಲಾನ್ ಗೆದ್ದರು’ ಎಂದು ಎರಡನ್ನೂ ಬೆಸೆಯುವುದು ಇಲ್ಲಿ ಸಲ್ಲದು.

ಗಡಿಯಾರದ ಲೆಕ್ಕದವು: ಟ್ರಯಥ್ಲಾನ್ ಮತ್ತು ಅದರ ಬಳಗ

ಟ್ರಯಥ್ಲಾನ್‌ನಲ್ಲಿ ಗಡಿಯಾರ ಒಮ್ಮೆ ಶುರುವಾದರೆ ಕೊನೆಗೇ ನಿಲ್ಲುವುದು. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಹೆಸರಿನ ಜೊತೆ ದೂರವನ್ನು ಹೇಳದಿದ್ದರೆ ಇಲ್ಲಿ ಏನೂ ಹೇಳಿದಂತಾಗುವುದಿಲ್ಲ. ಸ್ಪ್ರಿಂಟ್ ಎಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕ್ಲಿಂಗ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಇದರ ದುಪ್ಪಟ್ಟು: 1.5, 40, 10. ಒಲಿಂಪಿಕ್ಸ್‌ಗೆ ಸೇರಿದ್ದು 2000ದ ಸಿಡ್ನಿಯಲ್ಲಿ. ಅರ್ಧ ದೂರಕ್ಕೆ 1.9, 90, 21.1. ಪೂರ್ಣ ದೂರಕ್ಕೆ 3.8, 180, 42.2.

‘ಐರನ್‌ಮ್ಯಾನ್’ ಎಂಬುದು 1978ರಲ್ಲಿ ಹವಾಯಿಯಲ್ಲಿ ಹುಟ್ಟಿದ ಕೂಟದ ಹೆಸರು, ಈಗ ನೋಂದಾಯಿತ ಬ್ರ್ಯಾಂಡ್. ಗೋವಾದಲ್ಲಿ ನಡೆಯುವ ‘70.3’ ಅದರದೇ ಅರ್ಧ ದೂರದ ಕೂಟ, ಸಂಖ್ಯೆ ಒಟ್ಟು ಮೈಲಿಗಳದ್ದು, ಅಂದರೆ ಸುಮಾರು 113 ಕಿ.ಮೀ. ಅದನ್ನು ಮುಗಿಸಿದವರನ್ನು ಪತ್ರಿಕೆಯಲ್ಲಿ ಬರೀ ‘ಐರನ್‌ಮ್ಯಾನ್’ ಎಂದು ಕರೆದರೆ ಪೂರ್ಣ ದೂರ ಮುಗಿಸಿದಂತೆ ಅರ್ಥ ಬರುತ್ತದೆ. ‘70.3’ ಎಂದೋ ‘ಅರ್ಧ ದೂರದ ಟ್ರಯಥ್ಲಾನ್’ ಎಂದೋ ಬರೆಯಬೇಕು. ಬೇರೆ ಸಂಘಟಕರ ಕೂಟವನ್ನು ಆ ಹೆಸರಿನಿಂದ ಕರೆಯುವಂತಿಲ್ಲ.

ಈಜು ಬಾರದವರಿಗೆ, ಕೆರೆ ನೀರಿನ ಮೇಲೆ ನಂಬಿಕೆಯಿಲ್ಲದ ನಗರದವರಿಗೆ ಡುಯಥ್ಲಾನ್ ಇದೆ: ಓಟ, ಸೈಕ್ಲಿಂಗ್, ಮತ್ತೆ ಓಟ. ಎರಡೇ ಕ್ರೀಡೆ, ಆದರೆ ಮೂರು ಭಾಗ. ಮಳೆ, ಅಲೆ ಅಥವಾ ನೀರಿನ ಗುಣಮಟ್ಟದಿಂದ ಟ್ರಯಥ್ಲಾನ್‌ನ ಈಜು ರದ್ದಾದಾಗ ಸಂಘಟಕರು ಅದನ್ನೇ ಡುಯಥ್ಲಾನ್ ಆಗಿ ನಡೆಸುವುದುಂಟು. ಆಗ ಪ್ರಮಾಣಪತ್ರದಲ್ಲೂ ಫಲಿತಾಂಶದಲ್ಲೂ ಡುಯಥ್ಲಾನ್ ಎಂದೇ ಇರಬೇಕು. ಸೈಕಲ್ ಇಲ್ಲದವರಿಗೆ ಅಕ್ವಥ್ಲಾನ್, ಅಂದರೆ ಈಜು ಮತ್ತು ಓಟ. ಮಂಡಿ ನೋವಿರುವವರಿಗೆ ಅಕ್ವಬೈಕ್, ಈಜು ಮತ್ತು ಸೈಕಲ್.

ಮೊದಲ ಬಾರಿಗೆ ಬರುವವರು ಎಡವುವ ಜಾಗ ಬದಲಾವಣೆಯ ಅಂಕಣ. ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆಯುವ ಮೊದಲೇ ಹೆಲ್ಮೆಟ್ ಹಾಕಿ ಬಕಲ್ ಬಿಗಿದಿರಬೇಕು, ಓಟಕ್ಕೆ ಹೊರಡುವಾಗ ಸೈಕಲ್ ಸ್ಟ್ಯಾಂಡಿಗೆ ಸೇರಿದ ಮೇಲೆಯೇ ಬಿಚ್ಚಬೇಕು. ಸೈಕಲ್ ಹತ್ತುವ ಗೆರೆ ದಾಟುವ ಮುನ್ನ ಕಾಲು ಪೆಡಲ್ಲಿನ ಮೇಲೆ ಇರಬಾರದು. ಇದಕ್ಕಿಂತ ದೊಡ್ಡ ತೊಂದರೆ ಸೈಕಲ್ ಇಳಿದ ಮೇಲಿನ ಮೊದಲ ಕಿಲೋಮೀಟರ್. ತೊಡೆ ಸೈಕಲ್ಲಿನ ಲಯದಲ್ಲೇ ಇರುತ್ತದೆ, ಕಾಲು ಮರದಂತಾಗುತ್ತದೆ. ವಾರಕ್ಕೊಂದು ದಿನ ಸೈಕಲ್ ಇಳಿದ ತಕ್ಷಣ 15 ನಿಮಿಷ ಓಡುವ ಅಭ್ಯಾಸ ಮಾಡಿದರೆ ಇದು ತಗ್ಗುತ್ತದೆ. ಈಜುಕೊಳದಲ್ಲಷ್ಟೇ ಕಲಿತವರು ತೆರೆದ ನೀರಿನಲ್ಲಿ ದಿಕ್ಕು ತಪ್ಪುತ್ತಾರೆ, ಕೆಳಗೆ ನೋಡಲು ಕಪ್ಪು ಗೆರೆ ಇರುವುದಿಲ್ಲ. ಆರೆಂಟು ಬೀಸಿಗೊಮ್ಮೆ ಕಣ್ಣು ನೀರಿನ ಮೇಲೆತ್ತಿ ತೇಲುಗುರುತು ನೋಡುವುದನ್ನು ರೂಢಿಸಿಕೊಳ್ಳಬೇಕು.

ಬಯಥ್ಲಾನ್‌ಗೆ ಹಿಮ ಬೇಕು

ಎರಡು ಸ್ಪರ್ಧೆ ಸೇರಿದ್ದಕ್ಕೆಲ್ಲ ‘ಬಯಥ್ಲಾನ್’ ಎನ್ನುವುದು ಸಾಮಾನ್ಯ ತಪ್ಪು. ಒಲಿಂಪಿಕ್ ಬಯಥ್ಲಾನ್ ಚಳಿಗಾಲದ ಕ್ರೀಡೆ: ಬೆನ್ನಿಗೆ ರೈಫಲ್ ಕಟ್ಟಿಕೊಂಡು ಹಿಮದ ಮೇಲೆ ಸ್ಕೀ, ನಡುನಡುವೆ 50 ಮೀಟರ್ ದೂರದ ಐದು ಗುರಿಗಳಿಗೆ ಗುಂಡು. ಮಲಗಿ ಹೊಡೆಯುವಾಗ ಗುರಿಯ ವ್ಯಾಸ 45 ಮಿ.ಮೀ., ನಿಂತು ಹೊಡೆಯುವಾಗ 115 ಮಿ.ಮೀ. ಹೆಚ್ಚಿನ ವಿಭಾಗಗಳಲ್ಲಿ ಒಂದು ಗುರಿ ತಪ್ಪಿದರೆ 150 ಮೀಟರ್‌ನ ದಂಡದ ಸುತ್ತು. ಪುರುಷರಿಗೆ 1960ರಲ್ಲಿ, ಮಹಿಳೆಯರಿಗೆ 1992ರಲ್ಲಿ ಒಲಿಂಪಿಕ್ಸ್‌ನಲ್ಲಿ ಆರಂಭವಾಯಿತು.

ಓಟ, ಈಜು, ಮತ್ತೆ ಓಟ ಇರುವುದು ‘ಬಯಥ್ಲ್’. ಅದು ಮಾಡರ್ನ್ ಪೆಂಟಥ್ಲಾನ್ ಸಂಸ್ಥೆಯ ಸ್ಪರ್ಧೆ. ಅದಕ್ಕೆ ಶೂಟಿಂಗ್ ಸೇರಿದರೆ ‘ಟ್ರಯಥ್ಲ್’. ಇಲ್ಲಿ ಕೊನೆಯ ‘ಆನ್’ ಇಲ್ಲದಿರುವುದು ಮುದ್ರಣದೋಷವಲ್ಲ. ಕರ್ನಾಟಕದ ಮಕ್ಕಳು ಪದಕ ತಂದ ಸುದ್ದಿಯಲ್ಲಿ ‘ಬಯಥ್ಲಾನ್’ ಎಂದಿದ್ದರೆ ಆಯೋಜಿಸಿದ ಫೆಡರೇಷನ್ ಯಾವುದೆಂದು ಕೇಳಿ ತಿದ್ದಿ.

ಬರೆಯುವಾಗ

‘ಥ್ಲಾನ್’ ಬೇರೆ, ‘ಥಾನ್’ ಬೇರೆ. ಮ್ಯಾರಥಾನ್ ಗ್ರೀಸಿನ ಒಂದು ಊರಿನ ಹೆಸರು, ಅದರ ಬಾಲ ಹಿಡಿದು ವಾಕಥಾನ್, ಹ್ಯಾಕಥಾನ್ ಹುಟ್ಟಿದವು. ಅವು ದೀರ್ಘಕಾಲ ನಡೆಯುವ ಒಂದೇ ಚಟುವಟಿಕೆಗೆ ಹೊಂದುವ ಹೆಸರುಗಳು. ಹಲವು ಸ್ಪರ್ಧೆಗಳ ಗೊಂಚಲಿಗೆ ‘ಥ್ಲಾನ್’ ಬೇಕು. ‘ಟ್ರಯಥಾನ್’, ‘ಡೆಕಥಾನ್’ ಎಂಬ ರೂಪಗಳನ್ನು ಕಂಡಲ್ಲಿ ತಿದ್ದಬೇಕು, ‘ಡೆಕಾಥಲಾನ್’ ಎಂದು ನಡುವೆ ಅಕಾರ ಸೇರಿಸುವುದನ್ನೂ. ‘ಡೆಕಾಥ್ಲಾನ್’ ಎಂಬ ದೀರ್ಘ ರೂಪವೂ ಬಳಕೆಯಲ್ಲಿದೆ, ತಪ್ಪೆನ್ನಲಾಗದು. ಒಂದು ಬರಹದೊಳಗೆ ಒಂದೇ ರೂಪ ಇರಲಿ. ಇಲ್ಲಿ ಹ್ರಸ್ವವನ್ನು ಆರಿಸಿರುವುದು ಹೆಪ್ಟಥ್ಲಾನ್, ಪೆಂಟಥ್ಲಾನ್, ಟ್ರಯಥ್ಲಾನ್ ಎಲ್ಲಕ್ಕೂ ಅದೇ ಅಚ್ಚು ಹೊಂದುತ್ತದೆ ಎಂಬ ಕಾರಣಕ್ಕೆ. ಬೆಂಗಳೂರಿನ ಓದುಗರಿಗೆ ಡೆಕಥ್ಲಾನ್ ಎಂದರೆ ಮೊದಲು ನೆನಪಾಗುವುದು ಕ್ರೀಡಾ ಸಾಮಗ್ರಿಯ ಅಂಗಡಿ. ಶೀರ್ಷಿಕೆಯಲ್ಲಿ ‘ಡೆಕಥ್ಲಾನ್ ಸ್ಪರ್ಧೆ’ ಎಂದರೆ ಆ ಗೊಂದಲ ಬರುವುದಿಲ್ಲ.

‘ದಶಸ್ಪರ್ಧೆ’, ‘ಸಪ್ತಸ್ಪರ್ಧೆ’ ಎಂಬ ಸಂಸ್ಕೃತ ರೂಪಗಳು ಕೇಳಲು ಚೆನ್ನಾಗಿವೆ, ಆದರೆ ಮೈದಾನದಲ್ಲಿ ಯಾರೂ ಆಡುವುದಿಲ್ಲ, ಪ್ರವೇಶಪತ್ರದಲ್ಲೂ ಇರುವುದಿಲ್ಲ. ಮೊದಲ ಬಾರಿ ‘ಏಳು ಐಟಂಗಳ ಹೆಪ್ಟಥ್ಲಾನ್’ ಎಂದು ಬಿಡಿಸಿ ಹೇಳಿ, ಮುಂದೆ ಹೆಪ್ಟಥ್ಲಾನ್ ಎಂದರೆ ಸಾಕು. ವ್ಯಕ್ತಿಗೆ ‘ಹೆಪ್ಟಥ್ಲೀಟ್’ ಎಂಬುದಕ್ಕಿಂತ ‘ಹೆಪ್ಟಥ್ಲಾನ್ ಸ್ಪರ್ಧಿ’ ಕನ್ನಡದ ಬಾಯಿಗೆ ಸುಲಭ.

ಪ್ರವೇಶಪತ್ರ ತುಂಬುವಾಗ ಬರೀ ಹೆಸರು ಸಾಲದು. ‘ಟ್ರಯಥ್ಲಾನ್’ ಎಂಬಲ್ಲಿ ಗುಂಪಿನ ಅಕ್ಷರ, ‘ಪೆಂಟಥ್ಲಾನ್’ ಎಂಬಲ್ಲಿ ಅಥ್ಲೆಟಿಕ್ಸ್ ಅಥವಾ ಮಾಡರ್ನ್ ಎಂಬ ಮಾತು, ಎಲ್ಲದರಲ್ಲೂ ವಯೋವಿಭಾಗ ಬರೆಯಿರಿ. ಹುಟ್ಟಿದ ದಿನಾಂಕದ ಲೆಕ್ಕ ಯಾವ ದಿನಕ್ಕೆ ಹಿಡಿಯುತ್ತಾರೆ ಎಂಬುದು ಶಾಲಾ ಕೂಟಕ್ಕೂ ಅಥ್ಲೆಟಿಕ್ಸ್ ಸಂಸ್ಥೆಯ ಕೂಟಕ್ಕೂ ಒಂದೇ ಇರಬೇಕೆಂದಿಲ್ಲ, ಅದನ್ನೂ ಸುತ್ತೋಲೆಯಲ್ಲೇ ಹುಡುಕಿ. ಸಂಯುಕ್ತ ಸ್ಪರ್ಧೆಗೆ ಹೆಸರು ಕೊಟ್ಟ ಮಗುವಿಗೆ ಅದೇ ಎರಡು ದಿನಗಳಲ್ಲಿ ಬಿಡಿ ಉದ್ದ ಜಿಗಿತವೂ ರಿಲೇಯೂ ಇವೆಯೇ ಎಂದು ವೇಳಾಪಟ್ಟಿ ನೋಡಿ. ಇದ್ದರೆ ಮೊದಲ ದಿನದ ಮಧ್ಯಾಹ್ನವೇ ಕಾಲು ಸೋಲುತ್ತದೆ, ಎರಡರಲ್ಲಿ ಒಂದನ್ನು ಹೆಸರು ಕೊಡುವ ಮೊದಲೇ ಬಿಡಿಸಿ.